ನೆಟ್ ಚೆನ್ನಾಗಿದ್ದಾಗಲೇ ಫೇಲ್: ವೆಬ್ ಸರ್ವಿಸ್‌ನ ಎನ್‌ಕ್ರಿಪ್ಷನ್ ಮತ್ತು ರಿಪ್ಲೇ ತಡೆ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಸಿಂಧನೂರು ಕಡೆಯ ಒಂದು ರೈಸ್ ಮಿಲ್‌ನಿಂದ ನವೆಂಬರ್‌ನಲ್ಲಿ ನನಗೆ ಫೋನ್ ಬಂತು. ಸೋನಾ ಮಸೂರಿ ಭತ್ತ ಬರುವ ಕಾಲ. ಕಾಂಟಾದ (ಲಾರಿ ತೂಗುವ ಕಾಟೆ) ಮುಂದೆ ಟ್ರ್ಯಾಕ್ಟರ್, ಲಾರಿಗಳ ಸಾಲು. ಒಂದು ಸಂಸ್ಥೆ ರೈತರಿಂದ ಭತ್ತ ಕೊಂಡು ಈ ಮಿಲ್‌ನಲ್ಲಿ ಇಳಿಸುತ್ತದೆ. ಪ್ರತಿ ತೂಕದ ಚೀಟಿಯೂ ಸೋಪ್ ಮೆಸೇಜ್ (ಪ್ರೋಗ್ರಾಂಗಳು ಒಂದಕ್ಕೊಂದು ಕಳಿಸುವ, ಎಕ್ಸ್‌ಎಂಎಲ್ ಎಂಬ ಗುರುತು ಭಾಷೆಯಲ್ಲಿ ಬರೆದ ಲಕೋಟೆ) ಆಗಿ ಆ ಸಂಸ್ಥೆಯ ಸರ್ವರ್‌ಗೆ ಹೋಗಬೇಕು. ಚೀಟಿ ಹೋದ ಮೇಲೆಯೇ ರೈತರ ಖಾತೆಗೆ ದುಡ್ಡು.

"ಬೆಳಿಗ್ಗೆ ಚೀಟಿ ಹೋಗ್ತಾ ಇಲ್ಲ ಸರ್. ಮಧ್ಯಾಹ್ನ ನೆಟ್ ಸ್ಲೋ ಆದ್ಮೇಲೆ ಹೋಗ್ತಾವೆ" ಎಂದ ಕಾಂಟಾದ ಹುಡುಗ.

ನಾನು ಮೊದಲು ಇದನ್ನು ನಂಬಲಿಲ್ಲ. ನೆಟ್ ನಿಧಾನವಾದಾಗ ಕೆಲಸ ಕೆಡುತ್ತದೆ, ಸುಧಾರಿಸುವುದಿಲ್ಲ ಅಲ್ವಾ? ಆದರೆ ಆ ಹುಡುಗ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಮಾತನ್ನು ಅವತ್ತೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಎರಡು ದಿನ ಉಳಿಯುತ್ತಿತ್ತು. ಇಂಥ ಸರ್ವಿಸ್ ನೋಡಿಕೊಳ್ಳುವವರಿಗೆ ಉಪಯೋಗವಾಗಲಿ ಎಂದು ಹುಡುಕಿದ ದಾರಿಯನ್ನು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು, ಒಳಗೆ ಏನು ನಡೆಯುತ್ತದೆ

ಎಚ್‌ಟಿಟಿಪಿಎಸ್ (ವೆಬ್ ದಾರಿಗೆ ಹಾಕುವ ಬೀಗ) ಇದ್ದಮೇಲೆ ಮೆಸೇಜನ್ನೇ ಎನ್‌ಕ್ರಿಪ್ಟ್ ಮಾಡುವುದು, ಅಂದರೆ ಕೀಲಿ ಇದ್ದವರಷ್ಟೇ ಓದುವಂತೆ ಮುಚ್ಚುವುದು, ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಎಚ್‌ಟಿಟಿಪಿಎಸ್ ಒಂದು ಮೆಷಿನ್‌ನಿಂದ ಇನ್ನೊಂದು ಮೆಷಿನ್‌ವರೆಗೆ ಮಾತ್ರ ಕಾಯುತ್ತದೆ. ನಡುವೆ ಮೆಸೇಜ್ ದಾಟಿಸುವ ಗೇಟ್‌ವೇ, ಪ್ರಾಕ್ಸಿ, ಕ್ಯೂ ಥರದ ಮೆಷಿನ್ ಇದ್ದರೆ ಅಲ್ಲಿ ಮೆಸೇಜ್ ಬಿಚ್ಚಿಕೊಳ್ಳುತ್ತದೆ. ರೈತರ ಬ್ಯಾಂಕ್ ಖಾತೆ ನಂಬರ್ ಇರುವ ಮೆಸೇಜ್ ಹಾಗೆ ಬಿಚ್ಚಿಕೊಳ್ಳಬಾರದು. ಅದಕ್ಕೇ ಡಬ್ಲ್ಯೂಎಸ್-ಸೆಕ್ಯೂರಿಟಿ, ಅಂದರೆ ಮೆಸೇಜ್‌ಗೇ ಬೀಗ, ಸಹಿ ಹಾಕುವ ನಿಯಮಗಳು. 2004ರಲ್ಲಿ ಓಯಾಸಿಸ್ ಎಂಬ ಮಾನದಂಡ ಸಂಸ್ಥೆ ಇದನ್ನು ಮಾನದಂಡ ಮಾಡಿತು, 2006ರಲ್ಲಿ 1.1 ಬಂತು. ಹಳೆಯದು ನಿಜ. ಆದರೂ ದುಡ್ಡಿನ ಲೆಕ್ಕ ಓಡಾಡುವ ಕಡೆ ಇನ್ನೂ ಇದೆ.

ಎನ್‌ಕ್ರಿಪ್ಷನ್ ಮೆಸೇಜನ್ನು ಮುಚ್ಚುತ್ತದೆ. ಸಿಗ್ನೇಚರ್ ಯಾರು ಕಳಿಸಿದರು, ನಡುವೆ ಬದಲಾಗಿಲ್ಲ ಎಂಬುದನ್ನು ತೋರಿಸುತ್ತದೆ. ಆದರೆ ಮುಚ್ಚಿ, ಸಹಿ ಮಾಡಿದ ಮೆಸೇಜನ್ನೇ ಯಾರಾದರೂ ಹಿಡಿದಿಟ್ಟು ನಾಳೆ ಮತ್ತೆ ಕಳಿಸಿದರೆ? ಬೀಗ ಒಡೆಯಬೇಕಿಲ್ಲ, ಸಹಿ ಕದಿಯಬೇಕಿಲ್ಲ. ಅದೇ ಚೀಟಿಗೆ ಎರಡನೇ ಸಲ ದುಡ್ಡು. ಇದಕ್ಕೆ ರಿಪ್ಲೇ ಎನ್ನುತ್ತಾರೆ.

ತಡೆಯುವ ರೀತಿ ಮಿಲ್ ಗೇಟಿನ ಪಾಸ್ ಇದ್ದ ಹಾಗೆ. ಪಾಸಿನ ಮೇಲೆ ಒಂದು ನಂಬರ್, ಒಂದು ಸಮಯ. ವಾಚ್‌ಮನ್ ನಂಬರನ್ನು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾನೆ. ಅದೇ ನಂಬರ್ ಮತ್ತೆ ಬಂದರೆ ಒಳಗೆ ಬಿಡುವುದಿಲ್ಲ. ಹಾಗಾದರೆ ಸಮಯ ಯಾಕೆ ಬೇಕು? ಸಮಯ ಇಲ್ಲದಿದ್ದರೆ ಹತ್ತು ವರ್ಷದ ರಿಜಿಸ್ಟರನ್ನೂ ಇಟ್ಟುಕೊಂಡು ಹುಡುಕಬೇಕಾಗುತ್ತದೆ. ಪಾಸ್ 5 ನಿಮಿಷ ಮಾತ್ರ ನಡೆಯುತ್ತದೆ ಎಂದರೆ 5 ನಿಮಿಷದ ರಿಜಿಸ್ಟರ್ ಸಾಕು, ಅದಕ್ಕಿಂತ ಹಳೆಯ ಪಾಸ್ ಹೇಗೂ ನಡೆಯುವುದಿಲ್ಲ. ಮೆಸೇಜ್‌ನಲ್ಲಿ ಆ ನಂಬರಿನ ಕೆಲಸವನ್ನು ನಾನ್ಸ್ (ಒಂದೇ ಸಲ ಬಳಸುವ ಗುರುತು), ಮೆಸೇಜ್ ಐಡಿ ಅಥವಾ ಸಿಗ್ನೇಚರ್ ಮೌಲ್ಯ ಮಾಡುತ್ತದೆ. ಸಮಯಕ್ಕೆ ಟೈಮ್‌ಸ್ಟ್ಯಾಂಪ್ ಇದೆ. ಅದರಲ್ಲಿ ಕ್ರಿಯೇಟೆಡ್ (ಮಾಡಿದ ಸಮಯ), ಎಕ್ಸ್‌ಪೈರ್ಸ್ (ಮುಗಿಯುವ ಸಮಯ) ಎಂಬ ಎರಡು ಸಾಲು. ರಿಜಿಸ್ಟರ್ ಎಂದರೆ ಸರ್ವರ್‌ನ ರಿಪ್ಲೇ ಕ್ಯಾಶ್ (ದುಡ್ಡಲ್ಲ, ಸರ್ವರ್ ಸ್ವಲ್ಪ ಹೊತ್ತು ನೆನಪಿಡುವ ಪಟ್ಟಿ).

ಈ ಮೂರರಲ್ಲಿ ಒಂದು ಕೆಟ್ಟರೂ ಒಳ್ಳೆಯ ಮೆಸೇಜ್ ವಾಪಸ್ ಬರುತ್ತದೆ, ಇಲ್ಲವೇ ಕೆಟ್ಟ ಮೆಸೇಜ್ ಒಳಗೆ ಹೋಗುತ್ತದೆ. ಮೊದಲನೆಯದು ಫೋನ್ ಮಾಡಿಸುತ್ತದೆ. ಎರಡನೆಯದು ಯಾರಿಗೂ ಗೊತ್ತಾಗುವುದಿಲ್ಲ.

ಎರರ್ ಮೆಸೇಜ್ ಕಮ್ಮಿ ಹೇಳುವುದು ಬೇಕಂತಲೇ

ಬಹಳ ಸಲ ಸಿಗುವುದು ಇಷ್ಟೇ: "ಸಿಗ್ನೇಚರ್ ಅಥವಾ ಡಿಕ್ರಿಪ್ಷನ್ ಸರಿಯಿಲ್ಲ". ಯಾವುದು ಸರಿಯಿಲ್ಲ ಎಂದು ಹೇಳುವುದಿಲ್ಲ. ಕೋಪ ಬರುತ್ತದೆ, ಆದರೆ ಕಾರಣ ಇದೆ. 2011ರಲ್ಲಿ ಟಿಬೋರ್ ಯಾಗರ್ ಮತ್ತು ಯುರಾಯ್ ಸೊಮೊರೊವ್ಸ್ಕಿ ಎಂಬ ಇಬ್ಬರು ಸಂಶೋಧಕರು ಒಂದು ವಿಷಯ ತೋರಿಸಿದರು. ಸರ್ವರ್ ಒಂದೊಂದು ತಪ್ಪಿಗೆ ಒಂದೊಂದು ಉತ್ತರ ಕೊಟ್ಟರೆ, ಆ ಉತ್ತರಗಳನ್ನೇ ಕೂಡಿಸಿಕೊಂಡು, ಸಿಬಿಸಿ ಬಗೆಯಲ್ಲಿ ಎನ್‌ಕ್ರಿಪ್ಟ್ ಆದ ಎಕ್ಸ್‌ಎಂಎಲ್ ಅನ್ನು ಕೀಲಿ ಇಲ್ಲದೆ ಓದಬಹುದು. 2013ರಲ್ಲಿ ಬಂದ ಎಕ್ಸ್‌ಎಂಎಲ್ ಎನ್‌ಕ್ರಿಪ್ಷನ್ 1.1ರಲ್ಲಿ ಎಇಎಸ್-ಜಿಸಿಎಂ ಸೇರಿಕೊಂಡಿತು. ಹೊಸದಾಗಿ ಮಾಡುತ್ತಿದ್ದರೆ ಅದನ್ನೇ ಹಾಕಿ. ಕೀಲಿ ಕಳಿಸಲು ಆರ್‌ಎಸ್‌ಎ-ಒಎಇಪಿ ಹಾಕಿ, ಹಳೆಯ ಆರ್‌ಎಸ್‌ಎ 1.5 ಬೇಡ.

ಆದ್ದರಿಂದ ಸರ್ವರ್ ಕಡೆಯವರಿಗೆ "ಎರರ್ ಸ್ವಲ್ಪ ವಿವರವಾಗಿ ಕಳಿಸಿ" ಎಂದು ಕೇಳಬೇಡಿ. "ಈ ಮೆಸೇಜ್ ಐಡಿಗೆ ನಿಮ್ಮ ಒಳಗಿನ ಲಾಗ್‌ನಲ್ಲಿ ಏನಿದೆ?" ಎಂದು ಕೇಳಿ. ಇದು ಸಣ್ಣ ವ್ಯತ್ಯಾಸದಂತೆ ಕಂಡರೂ ಇದರ ಮೇಲೆ ರೈತರ ಖಾತೆ ನಂಬರ್ ನಿಂತಿದೆ.

ನಿಮ್ಮ ಕಡೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಪ್ರತಿ ಸಲ ಫೇಲ್ ಆಗುತ್ತದೆಯೋ, ಆಗಾಗ ಆಗುತ್ತದೆಯೋ? ಪ್ರತಿ ಸಲ ಎಂದರೆ ಸರ್ಟಿಫಿಕೇಟ್ (ಕೀಲಿ ಯಾರದು ಎಂದು ಹೇಳುವ ಡಿಜಿಟಲ್ ಗುರುತುಪತ್ರ), ಆಲ್ಗಾರಿದಮ್, ಪಾಸ್‌ವರ್ಡ್ ಕಡೆ ನೋಡಿ. ಆಗಾಗ ಎಂದರೆ ಗಡಿಯಾರ, ರೀಟ್ರೈ (ಉತ್ತರ ಬರದಿದ್ದರೆ ಮತ್ತೆ ಕಳಿಸುವುದು), ಕ್ಯಾಶ್ ಕಡೆ ನೋಡಿ. ನಮ್ಮದು ಎರಡನೇ ಜಾತಿ.

ಗಡಿಯಾರ

ಗಡಿಯಾರದ ವ್ಯತ್ಯಾಸ ತಿಳಿಯಲು ಸರ್ವರ್‌ಗೆ ಲಾಗಿನ್ ಆಗಬೇಕಿಲ್ಲ. ಎಚ್‌ಟಿಟಿಪಿ ಉತ್ತರದ ಹೆಡರ್‌ನಲ್ಲಿ ಸಾಮಾನ್ಯವಾಗಿ ಡೇಟ್ ಎಂಬ ಸಾಲು ಇರುತ್ತದೆ. ಫೇಲ್ ಆದ ಉತ್ತರದಲ್ಲೂ ಇರುತ್ತದೆ. ಅದು ಸರ್ವರ್‌ನ ಗಡಿಯಾರ. ಅದನ್ನು ನಿಮ್ಮ ಕ್ರಿಯೇಟೆಡ್ ಪಕ್ಕ ಇಟ್ಟು ನೋಡಿ.

ನಮ್ಮ ಮಿಲ್‌ನ ಒಂದು ಬೆಳಗಿನ ಚೀಟಿ ಹೀಗಿತ್ತು. ಕ್ರಿಯೇಟೆಡ್: 01:14:09. ಉತ್ತರದ ಡೇಟ್: 01:13:07. ಎರಡೂ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ), ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ 6:43ರ ಸುಮಾರು. ಅಂದರೆ ಕಾಂಟಾದ ಕಂಪ್ಯೂಟರ್ 62 ಸೆಕೆಂಡು ಮುಂದೆ ಇತ್ತು.

62 ಸೆಕೆಂಡು ಏನು ಮಹಾ? ಆಚೆ ಕಡೆ ಸರ್ವರ್‌ನಲ್ಲಿ ಇದ್ದದ್ದು ಜಾವಾದ ಅಪಾಚೆ ಸಿಎಕ್ಸ್‌ಎಫ್ ಎಂಬ ವೆಬ್ ಸರ್ವಿಸ್ ಸಾಫ್ಟ್‌ವೇರ್. ಅದರ ಒಳಗಿನ ಡಬ್ಲ್ಯೂಎಸ್‌ಎಸ್4ಜೆ ಹಳೆಯ ಮೆಸೇಜ್‌ಗೆ 300 ಸೆಕೆಂಡು ಬಿಡುತ್ತದೆ. ಭವಿಷ್ಯದಿಂದ ಬಂದ ಮೆಸೇಜ್‌ಗೆ ಬಿಡುವುದು 60 ಸೆಕೆಂಡು ಮಾತ್ರ. ಬದಲಾಯಿಸದೆ ಬಿಟ್ಟರೆ ಇವೇ ಅಂಕಿಗಳು. ಹಾಗಾಗಿ 4 ನಿಮಿಷ ಹಿಂದಿರುವ ಗಡಿಯಾರ ಪಾಸ್, 1 ನಿಮಿಷ 2 ಸೆಕೆಂಡು ಮುಂದಿರುವ ಗಡಿಯಾರ ಫೇಲ್.

ಈಗ ಆ ಹುಡುಗನ ಮಾತಿಗೆ ಬನ್ನಿ. ಬೆಳಿಗ್ಗೆ ನೆಟ್ ಚುರುಕು. ಮೆಸೇಜ್ ಅರ್ಧ ಸೆಕೆಂಡಿನಲ್ಲಿ ಮುಟ್ಟುತ್ತದೆ. ಸರ್ವರ್ ಕಣ್ಣಿಗೆ ಅದು 61.5 ಸೆಕೆಂಡು ಭವಿಷ್ಯದ್ದು, ವಾಪಸ್. ಮಧ್ಯಾಹ್ನ ನೆಟ್ ಎಳೆಯುತ್ತದೆ, ಮುಟ್ಟಲು 3 ಸೆಕೆಂಡು. ಆಗ ವ್ಯತ್ಯಾಸ 59 ಸೆಕೆಂಡಿಗೆ ಇಳಿಯುತ್ತದೆ, ಪಾಸ್. ನೆಟ್ ಸ್ಲೋ ಆದಾಗಲೇ ಚೀಟಿ ಹೋಗುತ್ತಿದ್ದದ್ದು ಹೀಗೆ.

ನಮ್ಮ ಟೆಸ್ಟ್‌ನಲ್ಲಿ ಇದು ಯಾಕೆ ಸಿಗಲಿಲ್ಲ? ನಮ್ಮ ಆಫೀಸಿನ ಟೆಸ್ಟ್ ಸರ್ವಿಸ್ ಮೈಕ್ರೋಸಾಫ್ಟ್ ಡಾಟ್‌ನೆಟ್‌ನ ಡಬ್ಲ್ಯೂಸಿಎಫ್ ಎಂಬ ಬೇರೆ ಸಾಫ್ಟ್‌ವೇರ್‌ನಲ್ಲಿತ್ತು. ಅದು ಗಡಿಯಾರದ ವ್ಯತ್ಯಾಸಕ್ಕೆ ತಾನಾಗಿ 5 ನಿಮಿಷ ಬಿಡುತ್ತದೆ, ಹಿಂದಕ್ಕೂ ಮುಂದಕ್ಕೂ. ಎರಡು ಕಡೆಯ ಅಂಕಿಗಳನ್ನೂ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಬೇಕಿತ್ತು.

ಗಡಿಯಾರ ಮುಂದೆ ಹೋದದ್ದು ಹೇಗೆ ಎಂಬುದೂ ನೋಡಬೇಕು. ಇಲ್ಲದಿದ್ದರೆ ಮತ್ತೆ ಹೋಗುತ್ತದೆ. ರಾಯಚೂರು ಜಿಲ್ಲೆಯ ಮಿಲ್‌ಗಳಲ್ಲಿ ನಾನು ನೋಡಿದ ಕಾಂಟಾ ಕೋಣೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ತಗಡಿನ ಛಾವಣಿ, ಭತ್ತದ ದೂಳು, ಹಳೆಯ ಕಂಪ್ಯೂಟರ್, ರಾತ್ರಿ ಮೇನ್ ಸ್ವಿಚ್ ಆಫ್. ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ದಿಕ್ಕು ತಪ್ಪುತ್ತದೆ. ಸೆಲ್ ಚೆನ್ನಾಗಿದ್ದರೂ ಒಳಗಿನ ಹರಳು ಸುಮಾರು 25 ಡಿಗ್ರಿಯಲ್ಲಿ ಸರಿಯಾಗಿ ನಡೆಯುವಂಥದ್ದು. ನಮ್ಮ ಬೇಸಿಗೆ 40 ದಾಟುತ್ತದೆ. ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ 50 ಸೆಕೆಂಡಿನ ಹತ್ತಿರ.

ಈ ಮಿಲ್‌ನಲ್ಲಿ ಇನ್ನೂ ಸರಳ. ಸೆಲ್ ಸತ್ತಿತ್ತು. ಬೆಳಿಗ್ಗೆ ಬಂದವರು ಗೋಡೆ ಗಡಿಯಾರ ನೋಡಿ ಕೈಯಿಂದ ಸಮಯ ಹಾಕುತ್ತಿದ್ದರು. ಗೋಡೆ ಗಡಿಯಾರ ಒಂದು ನಿಮಿಷ ಮುಂದಿತ್ತು. ಅವರ ತಪ್ಪೇನೂ ಇಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ.

ವಿಂಡೋಸ್‌ನಲ್ಲಿ ಡಬ್ಲ್ಯೂ32ಟಿಎಂ ಆಜ್ಞೆಯ ಸ್ಟೇಟಸ್ ನೋಡಿ. ಸೋರ್ಸ್ ಎಂಬಲ್ಲಿ "ಲೋಕಲ್ ಸಿಮಾಸ್ ಕ್ಲಾಕ್" ಎಂದಿದ್ದರೆ ಅದು ಯಾರನ್ನೂ ಕೇಳದೆ ತನ್ನಷ್ಟಕ್ಕೆ ಓಡುತ್ತಿದೆ ಎಂದರ್ಥ. ಲಿನಕ್ಸ್‌ನಲ್ಲಾದರೆ ಕ್ರೋನಿಯ ಟ್ರ್ಯಾಕಿಂಗ್ ನೋಡಿ. ಎನ್‌ಟಿಪಿಗೆ (ನೆಟ್ ಮೂಲಕ ಗಡಿಯಾರ ಸರಿಮಾಡುವ ವ್ಯವಸ್ಥೆ) ಯುಡಿಪಿ 123ನೇ ಪೋರ್ಟ್ ಬೇಕು, ರೂಟರ್ ಅದನ್ನು ತಡೆದಿರಬಹುದು. ಯಾವ ಸರ್ವರ್ ಕೊಡಬೇಕು ಎಂಬ ಚರ್ಚೆ ಬೇಡ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷೆ ಸಂಸ್ಥೆ) ನಿರ್ದೇಶನ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳನ್ನೇ ಹೇಳುತ್ತದೆ. ಅವುಗಳಿಗೆ ಹೊಂದಿಕೊಂಡ ಸರ್ವರ್‌ ಆದರೂ ಸರಿ. ಒಂಟಿ ವಿಂಡೋಸ್ ಮೆಷಿನ್ ತಾನಾಗಿ ವಾರಕ್ಕೊಮ್ಮೆ ಮಾತ್ರ ಸಮಯ ಕೇಳುವಂತೆ ಇರಬಹುದು. ಗಂಟೆಗೊಮ್ಮೆ ಮಾಡಿ, ಮೆಷಿನ್ ಆನ್ ಆದ ಕೂಡಲೇ ಒಮ್ಮೆ ಕೇಳಿಸಿ.

ವ್ಯತ್ಯಾಸ ಸರಿಯಾಗಿ 19,800 ಸೆಕೆಂಡಿನ ಹತ್ತಿರ ಬಂದರೆ ಗಡಿಯಾರ ಮುಟ್ಟಲೇಬೇಡಿ. ಅದು ಐದೂವರೆ ಗಂಟೆ. ನಮ್ಮ ಸಮಯವನ್ನೇ ಬರೆದು ಕೊನೆಗೆ ಯುಟಿಸಿಯ ಝಡ್ ಅಕ್ಷರ ಅಂಟಿಸಿದ ಕೋಡ್ ಎಲ್ಲೋ ಇದೆ. ಅದನ್ನು ಹುಡುಕಿ.

ರೀಟ್ರೈ: ನಮ್ಮದೇ ಮೆಸೇಜ್ ನಮಗೇ ಶತ್ರು

ಗಡಿಯಾರ ಸರಿಯಾದ ಮೇಲೆ ಬೆಳಗಿನ ತೊಂದರೆ ನಿಂತಿತು. ಆದರೆ ದಿನಕ್ಕೆ ನಾಲ್ಕೈದು ಚೀಟಿ ಇನ್ನೂ ವಾಪಸ್ ಬರುತ್ತಿದ್ದವು, ಈ ಸಲ ನೆಟ್ ಕೆಟ್ಟಾಗಲೇ.

ನನಗೆ ನಿಜಕ್ಕೂ ಬೇಸರ ತಂದದ್ದು ಈ ಭಾಗ. ನಮ್ಮ ಪ್ರೋಗ್ರಾಂ ಚೀಟಿಯನ್ನು ಮೆಸೇಜ್ ಮಾಡಿ, ಸಹಿ ಹಾಕಿ, ಎನ್‌ಕ್ರಿಪ್ಟ್ ಮಾಡಿ, ಆ ಸಿದ್ಧ ಲಕೋಟೆಯನ್ನು ಡಿಸ್ಕ್‌ನಲ್ಲಿ ಫೈಲ್ ಆಗಿ ಇಡುತ್ತಿತ್ತು. ಕಳಿಸಿ, 30 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಅದೇ ಫೈಲನ್ನು ಮತ್ತೆ ಕಳಿಸುತ್ತಿತ್ತು. ಮೊದಲ ಸಲ ಮೆಸೇಜ್ ಮುಟ್ಟಿರುತ್ತದೆ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರುತ್ತದೆ. ಎರಡನೇ ಸಲ ಹೋದದ್ದು ಅಕ್ಷರಕ್ಕೆ ಅಕ್ಷರ ಅದೇ ಮೆಸೇಜ್. ಸರ್ವರ್ ರಿಜಿಸ್ಟರ್ ನೋಡುತ್ತದೆ, ನಂಬರ್ ಇದೆ, ರಿಪ್ಲೇ ಎಂದು ತಳ್ಳುತ್ತದೆ. ಸರ್ವರ್ ಮಾಡಿದ್ದು ಸರಿಯಾದ ಕೆಲಸ.

ಕಾಂಟಾದಲ್ಲಿ ಕಾಣುವುದು ಕೆಂಪು "ರಿಜೆಕ್ಟ್". ರೈತ ಎದುರಿಗೆ ನಿಂತಿದ್ದಾನೆ. ಹುಡುಗ ಏನು ಮಾಡುತ್ತಾನೆ? ಹೊಸ ಚೀಟಿ ಟೈಪ್ ಮಾಡಿ ಕಳಿಸುತ್ತಾನೆ. ಹೊಸ ನಂಬರ್, ಹೊಸ ಸಮಯ, ಸರ್ವರ್ ಖುಷಿಯಿಂದ ತೆಗೆದುಕೊಳ್ಳುತ್ತದೆ. ಒಂದು ಲಾರಿಯ 75 ಕೆಜಿಯ 300 ಚೀಲ, ಅಂದರೆ 22.5 ಟನ್, ಲೆಕ್ಕದಲ್ಲಿ ಎರಡು ಸಲ ಬಂದಿತ್ತು. ರಿಪ್ಲೇ ತಡೆ ಇದ್ದೂ ಎರಡು ಎಂಟ್ರಿ.

ಖಚಿತ ಮಾಡಿಕೊಳ್ಳುವುದು ಸುಲಭ. ಲಾಗ್‌ನಲ್ಲಿ ಒಪ್ಪಿದ ಮೆಸೇಜ್ ಮತ್ತು ತಳ್ಳಿದ ಮೆಸೇಜ್ ಎರಡರ ಸಿಗ್ನೇಚರ್ ಮೌಲ್ಯವನ್ನು ಅಕ್ಕಪಕ್ಕ ಇಡಿ. ಒಂದೇ ಆಗಿದ್ದರೆ ನಿಮ್ಮ ರೀಟ್ರೈ ತಪ್ಪು. ಇನ್ನೊಂದು ಸುಳಿವು ಇದೆ. ಅದೇ ಫೈಲ್ 5 ನಿಮಿಷದೊಳಗೆ ಹೋದರೆ ರಿಪ್ಲೇ ಎಂಬ ಕಾರಣ, 5 ನಿಮಿಷ ಕಳೆದು ಹೋದರೆ ಅವಧಿ ಮುಗಿದಿದೆ ಎಂಬ ಕಾರಣ. ಒಂದೇ ದೋಷ ಎರಡು ಹೆಸರಲ್ಲಿ ಬರುತ್ತದೆ. ನಾವು ಇವನ್ನು ಎರಡು ಬೇರೆ ತೊಂದರೆ ಎಂದುಕೊಂಡು ಅರ್ಧ ದಿನ ಕಳೆದೆವು.

ಇಲ್ಲಿ ಹಿಡಿದುಕೊಳ್ಳಬೇಕಾದ ಮಾತು ಇದು. ಮೆಸೇಜ್‌ನ ಗುರುತು ಬೇರೆ, ವ್ಯವಹಾರದ ಗುರುತು ಬೇರೆ. ಪ್ರತಿ ಸಲ ಕಳಿಸುವಾಗ ಮೆಸೇಜ್ ಹೊಸದಾಗಬೇಕು: ಹೊಸ ನಾನ್ಸ್, ಹೊಸ ಮೆಸೇಜ್ ಐಡಿ, ಹೊಸ ಟೈಮ್‌ಸ್ಟ್ಯಾಂಪ್, ಹೊಸ ಸಹಿ. ಒಳಗಿನ ಚೀಟಿ ನಂಬರ್ ಮಾತ್ರ ಅದೇ ಇರಬೇಕು. ಸರ್ವರ್ ಆ ಚೀಟಿ ನಂಬರ್ ನೋಡಿ "ಇದು ಆಗಲೇ ಬಂದಿದೆ, ಹಳೆಯ ಉತ್ತರವೇ ಇದಕ್ಕೂ" ಎನ್ನಬೇಕು. ರಿಪ್ಲೇ ತಡೆ ಕಳ್ಳನನ್ನು ನಿಲ್ಲಿಸುತ್ತದೆ. ಎರಡು ಸಲ ಬರೆದ ಚೀಟಿಯನ್ನು ನಿಲ್ಲಿಸುವುದು ಅದರ ಕೆಲಸವಲ್ಲ.

ನಾವು ಡಿಸ್ಕ್‌ನಲ್ಲಿ ಸಿದ್ಧ ಲಕೋಟೆ ಇಡುವುದನ್ನು ಬಿಟ್ಟೆವು. ಈಗ ಚೀಟಿಯ ವಿವರವನ್ನಷ್ಟೇ ಇಡುತ್ತೇವೆ, ಕಳಿಸುವ ಕ್ಷಣದಲ್ಲಿ ಸಹಿ ಮತ್ತು ಎನ್‌ಕ್ರಿಪ್ಷನ್. ಇದರಿಂದ ಖಾತೆ ನಂಬರ್ ಡಿಸ್ಕ್‌ನಲ್ಲಿ ಬಿಚ್ಚಿ ಕೂರುತ್ತದೆ ಎಂಬುದು ಮರೆಯಬಾರದು. ವಿಂಡೋಸ್‌ನ ಡಿಪಿಎಪಿಐ ಬಳಸಿ ಆ ಫೈಲನ್ನೂ ಮುಚ್ಚಿದೆವು. ಪರದೆಯ ಮೇಲಿನ "ರಿಜೆಕ್ಟ್" ತೆಗೆದು "ಉತ್ತರ ಬಂದಿಲ್ಲ, ಮತ್ತೆ ಟೈಪ್ ಮಾಡಬೇಡಿ" ಎಂದು ಬರೆದೆವು. ಈ ಕೊನೆಯ ಸಾಲು ಬಹಳ ಕೆಲಸ ಮಾಡಿತು.

ಈ ಹಂತದಲ್ಲಿ ಒಬ್ಬರಲ್ಲ ಒಬ್ಬರು "ಸೀಸನ್ ಮುಗಿಯೋವರೆಗೆ ರಿಪ್ಲೇ ಚೆಕ್ ಆಫ್ ಮಾಡಿಬಿಡಿ" ಎನ್ನುತ್ತಾರೆ. ನಮಗೂ ಹೇಳಿದರು. ದಯವಿಟ್ಟು ಮಾಡಬೇಡಿ. ಸಮಯದ ಅವಧಿಯನ್ನು ಒಂದು ದಿನಕ್ಕೆ ಎಳೆಯುವುದೂ ಅದೇ ಜಾತಿಯ ಕೆಲಸ. ದುಡ್ಡು ಜಾಸ್ತಿ ಓಡಾಡುವುದು ಸೀಸನ್‌ನಲ್ಲೇ.

ಪ್ರತಿ ಸಲ ಫೇಲ್ ಆಗುವವು

ಇವು ಬೇಗ ಸಿಗುತ್ತವೆ. ಆಚೆಯವರು ಸರ್ಟಿಫಿಕೇಟ್ ನವೀಕರಿಸಿರುತ್ತಾರೆ, ನೀವು ಹಳೆಯ ಕೀಲಿಯಿಂದ ಮುಚ್ಚುತ್ತಿರುತ್ತೀರಿ. ಮೆಸೇಜ್‌ನ ಎನ್‌ಕ್ರಿಪ್ಟೆಡ್‌ಕೀ ಒಳಗೆ ಸರ್ಟಿಫಿಕೇಟ್‌ನ ಸೀರಿಯಲ್ ನಂಬರ್ ಇರಬಹುದು. ಅದನ್ನು ಆಚೆಯವರ ಸರ್ಟಿಫಿಕೇಟ್ ಜೊತೆ ಹೋಲಿಸಿ. ಎಕ್ಸ್‌ಎಂಎಲ್‌ನಲ್ಲಿ ಸೀರಿಯಲ್ ಹತ್ತರ ಲೆಕ್ಕದಲ್ಲಿರುತ್ತದೆ, ವಿಂಡೋಸ್ ಪರದೆಯಲ್ಲಿ ಹದಿನಾರರ ಲೆಕ್ಕದಲ್ಲಿ. ಅಲ್ಲಿ 3ಇ8 ಎಂದಿದ್ದರೆ ಇಲ್ಲಿ 1000. ನೋಡಲು ಬೇರೆ, ಎರಡೂ ಒಂದೇ. ನಿಜವಾದ ಸೀರಿಯಲ್ 20 ಬೈಟ್‌ವರೆಗೂ ಇರುತ್ತದೆ, ವಿಂಡೋಸ್ ಕ್ಯಾಲ್ಕುಲೇಟರ್‌ಗೆ ಹಿಡಿಸುವುದಿಲ್ಲ. ಪೈಥಾನ್‌ನಲ್ಲಿ ಒಂದು ಸಾಲು ಸಾಕು.

"ಕೀಸೆಟ್ ಡಸ್ ನಾಟ್ ಎಕ್ಸಿಸ್ಟ್" ಎಂದು ಬಂದರೆ ಬಹಳ ಸಲ ಕೀಲಿ ಇರುತ್ತದೆ, ಅದನ್ನು ಓದುವ ಅನುಮತಿ ಆ ಸರ್ವಿಸ್‌ನ ಅಕೌಂಟ್‌ಗೆ ಇರುವುದಿಲ್ಲ. "ಇಲ್ಲೀಗಲ್ ಕೀ ಸೈಜ್" ಎಂದರೆ ಹಳೆಯ ಜಾವಾ. ಜಾವಾ 8ರ 161ನೇ ಅಪ್‌ಡೇಟ್‌ನಿಂದ 256 ಬಿಟ್ ಎಇಎಸ್ ತಾನಾಗಿ ತೆರೆದಿದೆ. ಪಾಸ್‌ವರ್ಡ್ ಡೈಜೆಸ್ಟ್ (ಪಾಸ್‌ವರ್ಡ್ ಬದಲು ಕಳಿಸುವ, ಅದರಿಂದ ಲೆಕ್ಕಹಾಕಿದ ಗುರುತು) ಹೊಂದದಿದ್ದರೆ ನಾನ್ಸ್ ನೋಡಿ. ಅದನ್ನು ಬೇಸ್64ನಿಂದ ಬಿಚ್ಚಿ, ಆ ಬೈಟ್‌ಗಳಿಗೆ ಕ್ರಿಯೇಟೆಡ್ ಮತ್ತು ಪಾಸ್‌ವರ್ಡ್ ಸೇರಿಸಿ ಎಸ್‌ಎಚ್‌ಎ-1 ಮಾಡಬೇಕು. ಬಿಚ್ಚದೆ ಅಕ್ಷರಗಳನ್ನೇ ಸೇರಿಸುವ ತಪ್ಪು ಬಹಳ ಸಾಮಾನ್ಯ. ಸಹಿ ಹಾಕಿದ ಮೇಲೆ ಎಕ್ಸ್‌ಎಂಎಲ್ ಅನ್ನು ಚಂದ ಕಾಣಲೆಂದು ಸಾಲು ಸಾಲಾಗಿ ಜೋಡಿಸಿದರೂ ಸಹಿ ಕೆಡುತ್ತದೆ. ಒಂದು ಸ್ಪೇಸ್ ಸಾಕು.

ಕೆಟ್ಟ ಮೆಸೇಜ್ ಒಳಗೆ ಹೋಗುತ್ತಿದೆಯೇ?

ಎಲ್ಲ ಚೀಟಿ ಹಸಿರು ಆದಮೇಲೆ ಜನ ಕೈತೊಳೆದುಕೊಳ್ಳುತ್ತಾರೆ. ಆದರೆ ಹಸಿರು ದೀಪ ತಡೆ ಕೆಲಸ ಮಾಡುತ್ತಿದೆ ಎಂದು ಹೇಳುವುದಿಲ್ಲ.

ಮೊದಲು ಸಹಿ ಏನನ್ನೆಲ್ಲ ಹಿಡಿದಿದೆ ನೋಡಿ. ಸಿಗ್ನೇಚರ್ ಒಳಗಿನ ರೆಫರೆನ್ಸ್‌ಗಳಲ್ಲಿ (ಸಹಿ ಹಿಡಿದ ಭಾಗಗಳ ಪಟ್ಟಿ) ಬಾಡಿಯ, ಅಂದರೆ ಚೀಟಿ ಇರುವ ಭಾಗದ, ಐಡಿ ಇರುವಂತೆ ಟೈಮ್‌ಸ್ಟ್ಯಾಂಪ್‌ನ ಐಡಿಯೂ ಇರಬೇಕು. ಟೈಮ್‌ಸ್ಟ್ಯಾಂಪ್‌ಗೆ ಸಹಿ ಇಲ್ಲದಿದ್ದರೆ ಹಿಡಿದಿಟ್ಟ ಮೆಸೇಜ್‌ನ ಸಮಯವನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಪೆನ್ಸಿಲ್‌ನಲ್ಲಿ ಸಮಯ ಬರೆದ ಗೇಟ್ ಪಾಸ್ ಅದು.

ಆಮೇಲೆ ಟೆಸ್ಟ್ ಸರ್ವರ್‌ನಲ್ಲಿ ನೀವೇ ರಿಪ್ಲೇ ಮಾಡಿ ನೋಡಿ. ಆಚೆಯವರಿಗೆ ಮೊದಲು ಹೇಳಿ, ಸುಳ್ಳು ಚೀಟಿಯನ್ನೇ ಬಳಸಿ. ಒಪ್ಪಿದ ಒಂದು ಮೆಸೇಜನ್ನು ಹಾಗೇ ಉಳಿಸಿ, 10 ಸೆಕೆಂಡು ಬಿಟ್ಟು ಕಳಿಸಿ. 6 ನಿಮಿಷ ಬಿಟ್ಟು ಕಳಿಸಿ. ಸರ್ವಿಸ್ ರೀಸ್ಟಾರ್ಟ್ ಮಾಡಿಸಿ, ಅವಧಿಯೊಳಗೇ ಕಳಿಸಿ, ಯಾಕೆಂದರೆ ಕ್ಯಾಶ್ ಮೆಮೊರಿಯಲ್ಲಷ್ಟೇ ಇದ್ದರೆ ರೀಸ್ಟಾರ್ಟ್ ಆದಾಗ ರಿಜಿಸ್ಟರ್ ಖಾಲಿಯಾಗುತ್ತದೆ. ಕೊನೆಗೆ ಒಂದೇ ಮೆಸೇಜನ್ನು ಬೇಗಬೇಗ ಇಪ್ಪತ್ತು ಸಲ ಕಳಿಸಿ.

ನಮ್ಮ ಟೆಸ್ಟ್‌ನಲ್ಲಿ ಮೊದಲ ಎರಡು ಸರಿಯಾಗಿ ತಳ್ಳಲ್ಪಟ್ಟವು. ಇಪ್ಪತ್ತು ಸಲದ ಪರೀಕ್ಷೆಯಲ್ಲಿ ಒಂದರ ಬದಲು ಎರಡು ಒಳಗೆ ಹೋದವು. ಕೇಳಿದಾಗ ಗೊತ್ತಾಯಿತು: ಲೋಡ್ ಬ್ಯಾಲೆನ್ಸರ್ (ಬಂದ ಮೆಸೇಜ್‌ಗಳನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ಹಿಂದೆ ಎರಡು ಸರ್ವರ್, ಪ್ರತಿಯೊಂದಕ್ಕೂ ತನ್ನದೇ ಕ್ಯಾಶ್. ಎರಡು ಗೇಟು, ಎರಡು ರಿಜಿಸ್ಟರ್, ಒಬ್ಬ ವಾಚ್‌ಮನ್ ಇನ್ನೊಬ್ಬನನ್ನು ಕೇಳುವುದಿಲ್ಲ. ಆಚೆಯವರು ವಾದ ಮಾಡಲಿಲ್ಲ. ಎರಡೂ ಸರ್ವರ್ ನೋಡುವ ಒಂದೇ ಕ್ಯಾಶ್ ಹಾಕಿದರು. ಮುಂದಿನ ವಾರ ಅದೇ ಪರೀಕ್ಷೆ ಮತ್ತೆ ಮಾಡಿದೆವು, ರೀಸ್ಟಾರ್ಟ್ ಮಾಡಿಸಿಯೂ ನೋಡಿದೆವು. ಇಪ್ಪತ್ತರಲ್ಲಿ ಒಂದು ಒಳಗೆ ಹೋಯಿತು, ಹತ್ತೊಂಬತ್ತು ವಾಪಸ್ ಬಂದವು.